ನಂಬರಿಲ್ಲದ ಪತ್ರ

ಫೆಬ್ರವರಿ 11

ಮಾನ್ಯ ಮ್ಯಾನೇಜಿಂಗ್ ಡೈರೆಕ್ಟರ್ ಅವರಿಗೆ,

ತಾವು ಸಲಿಂಗಿ ಎಂಬ ವಿಷಯ ಮೊನ್ನೆ ಸೋಮವಾರ ಬೆಳಗ್ಗೆ ಹತ್ತೂಕಾಲಿಗೆ ದೂರು ವಿಭಾಗಕ್ಕೆ ತಿಳಿದುಬಂತು. ಟಪಾಲು ನೋಡಿಕೊಳ್ಳುವವಳು ಪೇಪರನ್ನು ನನ್ನ ಮೇಜಿನ ಮೇಲೆ ಹರಡಿ, "ಇದು ನಿಮ್ಮ ಮಗ ಅಲ್ವಾ ಮೇಡಂ? ಫೋಟೋದಲ್ಲಿ ಸ್ವಲ್ಪ ದಪ್ಪ ಕಾಣ್ತಾರೆ" ಎಂದಳು. ಅರ್ಧ ಪುಟದ ಸಂದರ್ಶನ. ಹನ್ನೆರಡು ವರ್ಷದಿಂದ ತಮಗೊಬ್ಬ ಸಂಗಾತಿ ಇದ್ದಾರಂತೆ, ಇನ್ನು ಮುಂದೆ ಮುಚ್ಚಿಡುವುದಿಲ್ಲವಂತೆ. ನಾನು ಎರಡು ಸಲ ಓದಿದೆ. ಎರಡನೇ ಸಲ ಕನ್ನಡಕ ಹಾಕಿಕೊಂಡು ಓದಿದೆ.

ನಟ್ಟೂ, ಸಾಕು ಈ ತಮಾಷೆ. ನೀನು ಏನಾಗಿದ್ದೀಯೆ ಎನ್ನುವುದರ ಬಗ್ಗೆ ಇವತ್ತು ನಾನೇನೂ ಬರೆಯುವುದಿಲ್ಲ. ಯೋಚನೆ ಮಾಡುತ್ತಿದ್ದೇನೆ, ಮಾಡಲು ಬಿಡು. ಆದರೆ ನನಗೆ ಗೊತ್ತಾದ ರೀತಿ ಇದೆಯಲ್ಲ, ಅದರ ಬಗ್ಗೆ ಹೇಳುವುದು ಬೇಕಾದಷ್ಟಿದೆ. ಪೇಪರಿನವನಿಗೆ ಮೊದಲು, ಹೆತ್ತವಳಿಗೆ ಆಮೇಲೆ. ಆಮೇಲೆಯೂ ಇಲ್ಲ, ಮೂರು ದಿನವಾಯಿತು, ನಿನ್ನಿಂದ ಒಂದು ಸಾಲು ಬಂದಿಲ್ಲ. ಎರಡು ವರ್ಷದವನಿದ್ದಾಗ ನಮ್ಮ ಫ್ಯಾನ್ ಕಾರ್ಖಾನೆಯ ಪ್ಯಾಕಿಂಗ್ ಹಾಲಿನಲ್ಲಿ ಆಡುತ್ತಾ ಒಂದು ನಟ್ಟು ನುಂಗಿದವನು ನೀನು. ಆಗಲೂ ಬಾಯಿ ಬಿಡಲಿಲ್ಲ, ಡಾಕ್ಟರೇ ಹೇಳಬೇಕಾಯಿತು. ಹೆಸರು ಸುಮ್ಮನೆ ಬಂದಿದ್ದಲ್ಲ.

ನಿನ್ನ ಚಿಕ್ಕಮ್ಮ ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡು ಮನೆಯಲ್ಲಿ ಓಡಾಡಿದಳು. ನಿನ್ನೆ ಬಟ್ಟೆ ಮಡಚುತ್ತಾ ತಡೆಯಲಾರದೆ ಕೇಳಿದಳು: "ಅಕ್ಕಾ, ಅವರಿಬ್ಬರಲ್ಲಿ ಅಡುಗೆ ಯಾರು ಮಾಡ್ತಾರಂತೆ?" ನಾನು ಗೊತ್ತಿಲ್ಲ ಎಂದೆ. ನನಗೆ ಗೊತ್ತಿಲ್ಲದ ವಿಷಯಗಳ ಪಟ್ಟಿಯಲ್ಲಿ ಅದೂ ಒಂದು.

ಇನ್ನು ಕಚೇರಿಯ ಸಮಾಚಾರ. ದಿನಕ್ಕೆ ಹದಿನೈದು ಪತ್ರ ಬರುತ್ತಿದ್ದ ಕಡೆ ನಿನ್ನೆ ಎಪ್ಪತ್ತು ಬಂದಿವೆ. ನಮ್ಮ ಗಿರಾಕಿಗಳು ಶಿಸ್ತಿನ ಜನ. ನಿನ್ನನ್ನು ಬೈಯುವವರೂ ಮೇಲ್ಗಡೆ ಮೂಲೆಯಲ್ಲಿ ತಮ್ಮ ಫ್ಯಾನಿನ ಅಡಿಯಲ್ಲಿ ಅಚ್ಚಾದ ನಂಬರ್ ಬರೆದೇ ಬೈದಿದ್ದಾರೆ. ನಂಬರ್ ಬರೆಯದವರು ಎಂದಿನಂತೆ ಕಿಟಕಿ ಪಕ್ಕದ ಟ್ರೇಗೆ ಹೋಗಿದ್ದಾರೆ, ಅವರ ಸರದಿ ಕೊನೆಗೆ. ಒಬ್ಬಾಕೆ "ನಿಮ್ಮ ಧೈರ್ಯಕ್ಕೆ ಮೆಚ್ಚಿದೆ, ಅಂದಹಾಗೆ ನನ್ನ ಫ್ಯಾನು ಮೂರರಲ್ಲಿ ಕಿರುಗುಟ್ಟುತ್ತದೆ" ಎಂದಿದ್ದಾಳೆ. ಒಬ್ಬ ನಿವೃತ್ತ ಮೇಷ್ಟ್ರು ಟೇಬಲ್ ಫ್ಯಾನನ್ನೇ ಪಾರ್ಸೆಲ್ ಮಾಡಿ ವಾಪಸ್ ಕಳಿಸಿದ್ದಾರೆ. "ಇಂಥವರ ಕಂಪನಿಯ ಗಾಳಿ ನನಗೆ ಬೇಡ" ಎಂಬ ಚೀಟಿ. ಫ್ಯಾನಿನ ವಯಸ್ಸು ಹತ್ತೊಂಬತ್ತು ವರ್ಷ. ಹತ್ತೊಂಬತ್ತು ವರ್ಷ ಗಾಳಿ ಕುಡಿದು ಈಗ ಬೇಡವಾಯಿತಂತೆ. ಅವರಿಗೂ ಏಳು ದಿನದೊಳಗೆ ಕೈಬರಹದಲ್ಲೇ ಉತ್ತರ ಹೋಗುತ್ತದೆ. ಹಳೇ ಯಜಮಾನರು ಹಾಕಿಕೊಟ್ಟ ಪದ್ಧತಿ, ನಾನಿರುವವರೆಗೆ ತಪ್ಪುವುದಿಲ್ಲ.

ಫೋನು ಮಾಡಬೇಡ. ನನ್ನ ಎಡಗಿವಿ ಹೋಗಿ ನಾಲ್ಕು ವರ್ಷ, ಬಲಗಿವಿಗೆ ನಿನ್ನ ಗೊಣಗಾಟ ಹಿಡಿಯುವುದಿಲ್ಲ. ಬರೆ.

ಇತಿ,
ಮುಖ್ಯಸ್ಥೆ, ದೂರು ವಿಭಾಗ
(ಮತ್ತು ನಿನ್ನ ತಾಯಿ)


ಫೆಬ್ರವರಿ 17

ಅಮ್ಮ,

ನಿನ್ನ ಕಾಗದ ಬಂತು. "ಮಾನ್ಯ" ಎಂದು ಶುರುವಾದದ್ದನ್ನು ನೋಡಿಯೇ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಗೊತ್ತಾಯಿತು.

ಇಲ್ಲಿ ಹೆಡ್ ಆಫೀಸಿನಲ್ಲಿ ಎಲ್ಲರೂ ವಿಪರೀತ ಒಳ್ಳೆಯವರಾಗಿಬಿಟ್ಟಿದ್ದಾರೆ. ನಾನು ಲಿಫ್ಟಿಗೆ ಕಾಲಿಟ್ಟರೆ ಸಾಕು, ಒಳಗಿರುವವರೆಲ್ಲ ತಲೆಯೆತ್ತಿ ಮಹಡಿಯ ನಂಬರನ್ನೇ ನೋಡುತ್ತಾ ನಿಲ್ಲುತ್ತಾರೆ. ಜಾಹೀರಾತು ವಿಭಾಗದವನು ಬಂದು, ಮುಂದಿನ ಮಾಡೆಲ್ ಏಳು ಬಣ್ಣದ ರೆಕ್ಕೆಗಳಲ್ಲಿ ತರೋಣವೇ ಎಂದು ಕೇಳಿದ. ಫ್ಯಾನಿಗೆ ಇರುವುದು ಮೂರೇ ರೆಕ್ಕೆ ಎಂದು ನೆನಪಿಸಿ ಕಳಿಸಿದೆ. ನಮ್ಮ ಹಿರಿಯ ಡೈರೆಕ್ಟರು ಗೊತ್ತಲ್ಲ, ಕಿವಿಯಲ್ಲಿ ಕೂದಲಿರುವವರು, ನನ್ನ ಕೈ ಹಿಡಿದುಕೊಂಡು ಎರಡು ನಿಮಿಷ ಬಿಡಲೇ ಇಲ್ಲ. ಕೊನೆಗೆ, "ಗಂಡೆದೆ ಕಣಯ್ಯಾ ನಿಂದು. ಮಾರಾಟ ಮಾತ್ರ ಬೀಳ್ದೇ ಇರ್ಲಿ" ಎಂದರು. ಎದುರಾಳಿ ಕಂಪನಿಯ ಮುಖ್ಯಸ್ಥ ಹೂಗುಚ್ಛ ಕಳಿಸಿದ. ಮಾರನೇ ದಿನವೇ ಅವರ ಜಾಹೀರಾತು ಬಂತು, "ಸಂಸಾರವಂದಿಗರ ನೆಚ್ಚಿನ ಫ್ಯಾನ್" ಎಂದು. ಇಬ್ಬರು ಡೀಲರುಗಳು ಮುನಿಸಿಕೊಂಡಿದ್ದಾರೆ. ಉಳಿದವರು ಸೆಕೆಗಾಲದ ಸ್ಟಾಕ್ ಯಾವಾಗ ಕಳಿಸುತ್ತೀರಿ ಎಂದಷ್ಟೇ ಕೇಳುತ್ತಿದ್ದಾರೆ.

ಹೀಗೆ ನಗುನಗುತ್ತಲೇ ದಿನ ಹೋಗುತ್ತಿದೆ.

ನಿನಗೆ ಕೋಪ ಬಂದಿದ್ದರೆ ಬರಲಿ, ತಪ್ಪಿಲ್ಲ. ಆದರೆ ಪೇಪರಿನಿಂದಲೇ ಗೊತ್ತಾಯಿತು ಎನ್ನಬೇಡ ಅಮ್ಮ. ನಮ್ಮಿಬ್ಬರ ನಡುವೆ ಆ ನಾಟಕ ಬೇಡ. ನಿನ್ನ ಉತ್ತರ ಏನೆಂದು ನನಗೆ ಅರ್ಥವಾಗಿದೆ. ಒತ್ತಾಯ ಮಾಡುವುದಿಲ್ಲ ಎಂದು ಮೊದಲೇ ಹೇಳಿದ್ದೆ, ಮಾಡುವುದೂ ಇಲ್ಲ. ನೀನು ಹೀಗೆ ಬೈದು ಬರೆಯುತ್ತಿದ್ದರೆ ನನಗೆ ಅಷ್ಟೇ ಸಾಕು.

ಅಡುಗೆ ಇಬ್ಬರೂ ಮಾಡುತ್ತೇವೆ. ಪಾತ್ರೆ ನಾನು ತೊಳೆಯುತ್ತೇನೆ. ಚಿಕ್ಕಮ್ಮನಿಗೆ ತಿಳಿಸು.

ನಿನ್ನ,
ನಟ್ಟು


ಮಾರ್ಚ್ 2

ನಟ್ಟೂ,

ಯಾವ ಉತ್ತರ? ಯಾರು ಕೊಟ್ಟ ಉತ್ತರ? ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ, ತಲೆಬುಡ ಹತ್ತಲಿಲ್ಲ. ಮೊದಲೇ ಹೇಳಿದ್ದೆ ಎನ್ನುತ್ತೀಯೆ. ಯಾವಾಗ? ಕನಸಿನಲ್ಲೇ? ನಾಟಕ ಎಂಬ ಮಾತು ನನಗೆ ಹಿಡಿಸಲಿಲ್ಲ. ಅರವತ್ತಾರು ವರ್ಷದಲ್ಲಿ ನಾನು ಆಡಿದ ನಾಟಕವೆಂದರೆ ನಿನ್ನ ಚಿಕ್ಕಮ್ಮ ಹೊಲಿದ ರವಿಕೆ ಚೆನ್ನಾಗಿದೆ ಎಂದದ್ದೊಂದೇ.

ಸಿಟ್ಟಿನಲ್ಲಿ ಹತ್ತು ದಿನ ಬರೆಯಲಿಲ್ಲ. ಸಿಟ್ಟೊಂದೇ ಅಲ್ಲ, ಪುರುಸೊತ್ತೂ ಇರಲಿಲ್ಲ. ಇಲ್ಲಿಯವರೆಗೆ ಆರುನೂರ ಹನ್ನೆರಡು ಪತ್ರ. ನಾವು ವಿಂಗಡಿಸಿಟ್ಟಿದ್ದೇವೆ: ಹೊಗಳಿದವರು, ಬೈದವರು, ಬೈಯುತ್ತಾ ಹೊಗಳಿದವರು, ಮತ್ತೆ ನಿನ್ನ ವಿಷಯವನ್ನು ನೆಪ ಮಾಡಿಕೊಂಡು ರೆಗ್ಯುಲೇಟರ್ ಕೇಳಿದವರು. ಕೊನೆಯವರೇ ಜಾಸ್ತಿ. ಒಬ್ಬ ವಕೀಲರು, "ನಿಮ್ಮ ಮುಖ್ಯಸ್ಥರ ಖಾಸಗಿ ವಿಷಯ ನನಗೆ ಬೇಕಿಲ್ಲ" ಎಂದು ಆರು ಪುಟ ಬರೆದಿದ್ದಾರೆ. ಬೈದವರಲ್ಲಿ ಕೆಲವರ ಮಾತು ಎಷ್ಟು ಹೊಲಸಾಗಿತ್ತೆಂದರೆ ಟಪಾಲಿನವಳು ಕೈ ತೊಳೆದುಕೊಂಡು ಬಂದಳು. ಅವರಿಗೆ ನಾನು ಒಂದೇ ಸಾಲು ಬರೆಯುತ್ತೇನೆ: "ತಮ್ಮ ಪತ್ರ ತಲುಪಿತು. ಫ್ಯಾನಿನಲ್ಲಿ ದೋಷವಿದ್ದರೆ ತಿಳಿಸಿ. ನಾನು ಅವರ ತಾಯಿ." ಇಬ್ಬರು ಕ್ಷಮೆ ಕೇಳಿ ಮತ್ತೆ ಬರೆದಿದ್ದಾರೆ.

ಮೇಷ್ಟ್ರ ಫ್ಯಾನಿನ ಬುಶ್ ಸವೆದಿತ್ತು, ಕಂಡೆನ್ಸರ್ ಸೋತಿತ್ತು. ಎರಡೂ ಬದಲಾಯಿಸಿ, ಜಾಲರಿ ತೊಳೆದು ನನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಸೊಗಸಾದ ಗಾಳಿ.

ಒಂದು ಪತ್ರದ ವಿಷಯ ಮಾತ್ರ ನಿನಗೆ ಹೇಳಲೇಬೇಕು. ಸಣ್ಣ ಅಕ್ಷರ, ಗೆರೆ ಹಾಕಿದ ಹಾಳೆ. "ನನಗೆ ಅರವತ್ಮೂರು. ನಾನೂ ಅವರ ಹಾಗೆಯೇ. ಹೆಂಡತಿ, ಮಕ್ಕಳು, ಮೊಮ್ಮಗ ಇದ್ದಾರೆ. ಇದನ್ನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಪೇಪರನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಅಷ್ಟೇ." ಹೆಸರಿಲ್ಲ, ವಿಳಾಸವಿಲ್ಲ. ಆದರೆ ಅಭ್ಯಾಸಬಲ ನೋಡು, ಮೂಲೆಯಲ್ಲಿ ಫ್ಯಾನ್ ನಂಬರ್ ಬರೆದಿದ್ದಾರೆ. ನಂಬರಿದ್ದರೆ ಗ್ಯಾರಂಟಿ ರಿಜಿಸ್ಟರಿನಲ್ಲಿ ಎರಡು ನಿಮಿಷಕ್ಕೆ ಮನೆ ಸಿಗುತ್ತದೆ. ರಿಜಿಸ್ಟರ್ ತೆಗೆದೆ, ಪುಟದವರೆಗೂ ಹೋದೆ, ಮುಚ್ಚಿಟ್ಟೆ. ಅವರ ಮನೆಯ ಬಾಗಿಲಿಗೆ ನಮ್ಮ ಕವರು ಹೋಗಿ ಬಿದ್ದರೆ ಯಾರು ಒಡೆಯುತ್ತಾರೋ ಏನೋ. ನನ್ನ ಮೂವತ್ತೆಂಟು ವರ್ಷದ ನೌಕರಿಯಲ್ಲಿ ಬೇಕೆಂದೇ ಉತ್ತರ ಬರೆಯದೆ ಬಿಟ್ಟ ಪತ್ರ ಅದೊಂದೇ. ಮನಸ್ಸು ತಡೆಯದೆ ನಿನಗೆ ಆ ನಂಬರಿನ ಕೊನೆಯ ನಾಲ್ಕು ಅಂಕಿ ಬರೆಯುತ್ತಿದ್ದೇನೆ: 7306. ನೀನೇ ಏನಾದರೂ ದಾರಿ ಹುಡುಕು.

ಆ ಪತ್ರ ಓದಿದ ಮೇಲೆ ನಿನ್ನ ಮೇಲಿನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಇಳಿಯಬೇಕಾದರೆ "ಉತ್ತರ" ಎಂದರೇನೆಂದು ಬಿಡಿಸಿ ಬರೆ.

ಇತಿ ನಿನ್ನ,
ಅಮ್ಮ


ಮಾರ್ಚ್ 8

ಅಮ್ಮ,

ನಿನಗೆ ನಿಜವಾಗಿಯೂ ಗೊತ್ತಿಲ್ಲವೇ? ನಿನ್ನ ಕಾಗದ ಓದಿ ಕುರ್ಚಿಯಿಂದ ಎದ್ದು ನಿಂತೆ, ಮತ್ತೆ ಕುಳಿತೆ.

ಜನವರಿ 15ರಂದು ನಿನಗೊಂದು ಪತ್ರ ಬರೆದಿದ್ದೆ. ನಾಲ್ಕು ಪುಟ. ಎಲ್ಲವನ್ನೂ ಬರೆದಿದ್ದೆ, ಅವನ ಬಗ್ಗೆಯೂ. ಮನೆಗೆ ಕಳಿಸಿದರೆ ಚಿಕ್ಕಮ್ಮ ಕವರು ಒಡೆಯದೆ ಬಿಡುವುದಿಲ್ಲ ಎಂದು ಕಚೇರಿಗೆ ಕಳಿಸಿದೆ. "ಮುಖ್ಯಸ್ಥೆ, ದೂರು ವಿಭಾಗ" ಎಂದು ವಿಳಾಸ ಟೈಪ್ ಮಾಡಿಸಿದೆ, ನನ್ನ ಹೆಸರು ಹೊರಗೆ ಹಾಕಲಿಲ್ಲ. ಕೊನೆಯಲ್ಲಿ ಹೀಗೆ ಬರೆದಿದ್ದೆ: ನಿನಗೆ ಒಪ್ಪಿಗೆಯಾದರೆ ಒಂದು ಸಾಲು ಬರೆ, ಆಗದಿದ್ದರೆ ಬರೆಯಬೇಡ, ನಾನು ಅರ್ಥ ಮಾಡಿಕೊಳ್ಳುತ್ತೇನೆ, ಒತ್ತಾಯ ಮಾಡುವುದಿಲ್ಲ.

ಇಪ್ಪತ್ತು ದಿನ ಕಾದೆ. ದಿನಾ ಬೆಳಗ್ಗೆ ಟಪಾಲು ಬರುವ ಹೊತ್ತಿಗೆ ಮೀಟಿಂಗ್ ಇಟ್ಟುಕೊಳ್ಳದೆ ಕಾದೆ. ಜಗತ್ತಿನಲ್ಲಿ ಯಾರ ಪತ್ರಕ್ಕೂ ಏಳು ದಿನದೊಳಗೆ ಉತ್ತರ ಬರೆಯುವವಳು ನನಗೆ ಬರೆಯಲಿಲ್ಲ ಎಂದರೆ ಅದರ ಅರ್ಥ ಒಂದೇ ಅಂದುಕೊಂಡೆ. ನನಗೆ ಬಹಳ ನೋವಾಯಿತು ಅಮ್ಮ. ಹೇಳಿಕೊಳ್ಳುವುದಕ್ಕೆ ನಾಚಿಕೆಯೇನಿಲ್ಲ, ಆಫೀಸಿನ ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಅನ್ನಿಸಿತು, ಯಾರ ಭಯಕ್ಕೆ ಮುಚ್ಚಿಟ್ಟಿದ್ದೆನೋ ಆ ಒಬ್ಬಳು ಬೇಡ ಎಂದಾಯಿತು, ಇನ್ನು ಊರಿಗೆಲ್ಲ ಹೆದರಿ ಏನಾಗಬೇಕು? ಪೇಪರಿನವನಿಗೆ ಫೋನು ಮಾಡಿದೆ.

ಆ ಪತ್ರವನ್ನು ಎರಡನೇ ಸಲ ಬರೆಯುವ ಶಕ್ತಿ ನನಗಿಲ್ಲ. ಇಪ್ಪತ್ತು ಸಲ ಹರಿದು ಹಾಕಿ ಬರೆದದ್ದು ಅದು. ಎಲ್ಲಿದೆ ಹುಡುಕು.

7306ರವರ ವಿಷಯ. ಗುರುವಾರ ರೇಡಿಯೋದವರು ಅರ್ಧ ಗಂಟೆ ಮಾತಾಡಿಸಿದರು. ಮುಗಿಸುವ ಮುಂಚೆ, "ಏಳು ಮೂರು ಸೊನ್ನೆ ಆರು, ನಿಮ್ಮ ಕಾಗದ ತಲುಪಿದೆ. ನೀವೊಬ್ಬರೇ ಅಲ್ಲ. ಆರೋಗ್ಯ ನೋಡ್ಕೊಳ್ಳಿ" ಎಂದೆ. ಮಾತಾಡಿಸುತ್ತಿದ್ದಾಕೆ ಗಾಬರಿಯಾಗಿ, "ಅದೇನ್ ಸಾರ್, ಲಾಟರಿ ನಂಬರ್ರಾ?" ಎಂದಳು. ಫ್ಯಾನಿನ ನಂಬರು, ಸರ್ವೀಸ್ ವಿಷಯ ಎಂದೆ. ಸುಳ್ಳೇನೂ ಅಲ್ಲವಲ್ಲ.

ನಿನ್ನ,
ನಟ್ಟು


ಮಾರ್ಚ್ 12

ನಟ್ಟೂ,

ಕೇಳಿಸಿಕೋ. ಅಂಥ ಪತ್ರ ನನ್ನ ಕೈಗೆ ಬಂದೇ ಇಲ್ಲ. ನಿನ್ನ ಮೇಲಾಣೆ.

ಬೆಳಗ್ಗೆಯಿಂದ ಹುಡುಕುತ್ತಿದ್ದೇವೆ. ಟಪಾಲಿನವಳು ಕೆಂಡವಾಗಿದ್ದಾಳೆ. "ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈಯಿಂದ ಒಂದು ಕಾಗದ ಹೋಗಿಲ್ಲ ಮೇಡಂ, ಸಾಹೇಬ್ರು ಪೋಸ್ಟ್ ಮಾಡೋದನ್ನೇ ಮರೆತಿರ್ಬೇಕು" ಎಂದು ಹೇಳುತ್ತಲೇ ಬೀರುಗಳ ಹಿಂದೆ ಪೊರಕೆ ಆಡಿಸುತ್ತಿದ್ದಾಳೆ. ಚಿಕ್ಕಮ್ಮನ ಮೇಲೂ ಅನುಮಾನ ಬಂದು ಅವಳ ಹೊಲಿಗೆ ಪೆಟ್ಟಿಗೆ ನೋಡಿದೆ. ನನ್ನ ಕಳೆದುಹೋಗಿದ್ದ ಕತ್ತರಿ ಸಿಕ್ಕಿತು, ಪತ್ರ ಸಿಗಲಿಲ್ಲ.

ಸಿಗುವವರೆಗೆ ನನಗೆ ಊಟ ಇಳಿಯುವುದಿಲ್ಲ. ಕಿಟಕಿ ಪಕ್ಕದ ಟ್ರೇ ಒಂದು ಬಾಕಿ ಇದೆ. ಅದು ತುಂಬಿ ಚೀಲಕ್ಕೆ, ಚೀಲ ತುಂಬಿ ರಟ್ಟಿನ ಪೆಟ್ಟಿಗೆಗೆ ಹೋಗಿದೆ. ನಾಳೆ ನೆಲದ ಮೇಲೆ ಸುರಿಯುತ್ತೇವೆ.

ಅಮ್ಮ


ಮಾರ್ಚ್ 14

ಉಲ್ಲೇಖ: ತಮ್ಮ ಜನವರಿ 15ರ ಪತ್ರ

ಮಾನ್ಯರೇ,

ತಮ್ಮ ಪತ್ರ ತಲುಪಿತು. ಉತ್ತರ ಐವತ್ತೆಂಟು ದಿನ ತಡವಾದದ್ದಕ್ಕೆ ದೂರು ವಿಭಾಗ ವಿಷಾದಿಸುತ್ತದೆ. ತಡಕ್ಕೆ ಕಾರಣವನ್ನು ತನಿಖೆ ಮಾಡಿದ್ದೇವೆ. ಕಾರಣ ತಾವೇ.

ಹನ್ನೊಂದು ವರ್ಷದ ಹಿಂದೆ ನೀನು ಟೆಸ್ಟಿಂಗ್ ಬೆಂಚಿನಿಂದ ಮೇಲೆ ಹೋಗಿ ಇಲ್ಲಿ ಮ್ಯಾನೇಜರಾದಾಗ ಒಂದು ಸುತ್ತೋಲೆ ಹೊರಡಿಸಿದೆ, ನೆನಪಿದೆಯೇ? "ಫ್ಯಾನ್ ನಂಬರ್ ಇಲ್ಲದ ಪತ್ರಗಳನ್ನು ಪ್ರತ್ಯೇಕ ಟ್ರೇಯಲ್ಲಿ ಇರಿಸತಕ್ಕದ್ದು, ಉಳಿದೆಲ್ಲ ಪತ್ರಗಳು ಮುಗಿದ ನಂತರವೇ ಓದತಕ್ಕದ್ದು." ಕೆಳಗೆ ನಿನ್ನ ಸಹಿ. ಇನ್ನೂ ಗೋಡೆಯ ಮೇಲೆ ಅಂಟಿಸಿದೆ. ಟಪಾಲಿನವಳು ನಿಯಮ ಬಿಟ್ಟು ಅತ್ತಿತ್ತ ಹೋಗುವವಳಲ್ಲ. ಕವರು ಕತ್ತರಿಸುತ್ತಾಳೆ, ಹಾಳೆಯ ಮೇಲಿನ ಮೂಲೆ ನೋಡುತ್ತಾಳೆ, ನಂಬರಿದ್ದರೆ ಈ ಕಡೆ, ಇಲ್ಲದಿದ್ದರೆ ಮುದ್ರೆ ಒತ್ತಿ ಆ ಕಡೆ. ಒಂದಕ್ಷರ ಓದುವುದಿಲ್ಲ. ಏಳು ದಿನದ ಲೆಕ್ಕ ನಂಬರಿದ್ದವರಿಗೆ ಮಾತ್ರ, ಆ ಟ್ರೇಯ ಸರದಿ ತಿಂಗಳಾದರೂ ಬರುವುದಿಲ್ಲ. ಚೀಲದಡಿಯಲ್ಲಿ, ಟ್ರೇಯ ತಳದಲ್ಲಿ ನಿನ್ನ ನಾಲ್ಕು ಪುಟ ಇತ್ತು. "ಅಮ್ಮಾ" ಎಂಬ ಮೊದಲ ಮಾತಿನ ಮೇಲೆಯೇ ನೇರಳೆ ಬಣ್ಣದಲ್ಲಿ "ನಂಬರಿಲ್ಲ" ಎಂಬ ಮುದ್ರೆ.

"ಅಮ್ಮಾ ಅಂತ ಇದೆಯಲ್ಲೇ, ಅದಾದ್ರೂ ಕಣ್ಣಿಗೆ ಬೀಳ್ಲಿಲ್ವಾ?" ಎಂದೆ.

"ತಿಂಗಳಿಗೆ ಇಪ್ಪತ್ತು ಜನ ನಿಮಗೆ ಅಮ್ಮಾ ಅಂತ್ಲೇ ಬರೀತಾರೆ ಮೇಡಂ. ಅವರೆಲ್ಲ ನಿಮ್ಮ ಮಕ್ಕಳಾ?" ಎಂದಳು. ಎಂದವಳೇ ಜೋರಾಗಿ ಅತ್ತಳು. ಅವಳನ್ನು ಸಮಾಧಾನ ಮಾಡಿ, ಪತ್ರ ತೆಗೆದುಕೊಂಡು ಗೋದಾಮಿಗೆ ಹೋಗಿ, ಪೆಟ್ಟಿಗೆಗಳ ಸಾಲಿನ ಹಿಂದೆ ಕುಳಿತು ಓದಿದೆ.

ನಟ್ಟೂ, ಸೋಮವಾರ ಪೇಪರ್ ಓದಿದ ದಿನವೂ ನಾನು ಅಲ್ಲೇ ಕುಳಿತು ಅತ್ತಿದ್ದೆ. ಅದನ್ನು ನಿನಗೆ ಬರೆದಿರಲಿಲ್ಲ. ನೀನು ಹೀಗಾದೆಯಲ್ಲ ಎಂದು ಅತ್ತದ್ದಲ್ಲ. ನನ್ನ ಮಗ ನನ್ನೆದುರು ಬಾಯಿ ಬಿಡಲಾರದಂಥ ತಾಯಿ ನಾನಾಗಿದ್ದೇನಲ್ಲ ಎಂದು. ಇಂದು ಅದೇ ಜಾಗದಲ್ಲಿ ಕುಳಿತು ನಕ್ಕೆ, ಅತ್ತೆ, ಎರಡೂ ಆಯಿತು. ಈ ವಿಷಯವೆಲ್ಲ ನನಗೆ ಪೂರ್ತಿ ಅರ್ಥವಾಗಿದೆ ಎಂದು ಸುಳ್ಳು ಹೇಳುವುದಿಲ್ಲ. ಕೇಳುವ ಪ್ರಶ್ನೆಗಳಿವೆ, ಕೆಲವು ಪೆದ್ದುಪೆದ್ದಾಗಿರುತ್ತವೆ, ನಗಬಾರದು. ಆದರೆ ನೀನು ಇಷ್ಟು ವರ್ಷ ಒಬ್ಬಂಟಿ ಎಂದು ನಾನು ಕೊರಗುತ್ತಿದ್ದೆ. ಜ್ವರ ಬಂದರೆ ನೀರು ಕೊಡುವವರಿಲ್ಲ ಎಂದುಕೊಳ್ಳುತ್ತಿದ್ದೆ. ಇದ್ದರಲ್ಲ, ಹನ್ನೆರಡು ವರ್ಷದಿಂದ ಇದ್ದರಲ್ಲ. ಎಷ್ಟು ಹಗುರವಾಯಿತು ಗೊತ್ತೇ?

ಮೂರನೇ ಪುಟಕ್ಕೆ ಬಂದಾಗ ಮಾತ್ರ ಪೆಟ್ಟಿಗೆಯಿಂದ ಕೆಳಗೆ ಜಾರಿದೆ. ನಿನ್ನ ಸಂಗಾತಿ ನನ್ನ ಹಲ್ಲಿನ ಡಾಕ್ಟರೇನೋ! ನನ್ನ ಮೇಲಿನ ಸೆಟ್ಟು, ಕೆಳಗಿನ ಸೆಟ್ಟು ಎರಡನ್ನೂ ಮಾಡಿದವನೇ! "ಆಫೀಸಿನ ಪಕ್ಕದಲ್ಲೇ ಒಳ್ಳೆ ಡಾಕ್ಟರಿದ್ದಾರೆ ಅಮ್ಮ" ಎಂದು ನೀನು ಕರೆದುಕೊಂಡು ಹೋದಾಗ ನನಗೇನು ಗೊತ್ತಿತ್ತು? ನಾಲ್ಕು ಸಲ ಅವನೆದುರು ಬಾಯಿ ತೆರೆದುಕೊಂಡು ಕುಳಿತಿದ್ದೇನೆ. ಬಾಯಲ್ಲಿ ಹತ್ತಿ ತುಂಬಿಸಿಕೊಂಡೇ, ನಿಮ್ಮಂಥ ಸಾಧು ಹುಡುಗನಿಗೆ ನಾನೇ ಹೆಣ್ಣು ನೋಡುತ್ತೇನೆ ಎಂದಿದ್ದೆ. ಅವನು ಕೆಂಪಗಾಗಿ, "ಬಾಯಿ ಮುಕ್ಕಳಿಸಿ ಅಮ್ಮಾ" ಎಂದ. ನಿನ್ನ ಚಿಕ್ಕಮ್ಮನಿಗೆ ಹೇಳಿದೆ. ಅವಳಿಗೆ ಈಗ ಇನ್ಯಾವ ತಕರಾರೂ ಇಲ್ಲ, ಅವಳ ದವಡೆ ಹಲ್ಲನ್ನೂ ಅವನು ನೋಡಬೇಕಂತೆ.

ಮೇಷ್ಟ್ರ ಪತ್ರ ಇವತ್ತೇ ಬಂದಿದೆ: "ನನ್ನ ಅಭಿಪ್ರಾಯದಲ್ಲಿ ಬದಲಾವಣೆಯಿಲ್ಲ. ಆದರೆ ಸೆಕೆ ತಡೆಯಲಾಗುತ್ತಿಲ್ಲ. ಫ್ಯಾನ್ ಹಿಂತಿರುಗಿಸುವುದು." ಕಳಿಸುತ್ತಿದ್ದೇನೆ. ಅಭಿಪ್ರಾಯ ಅವರದ್ದು, ಗಾಳಿ ನಮ್ಮದು.

ಇನ್ನು ನಿನ್ನನ್ನು ಬೈಯುವುದೊಂದು ಬಾಕಿ. ಪತ್ರ ಕಳೆದುಹೋಗುತ್ತದೆ, ಟ್ರೇಗೆ ಬೀಳುತ್ತದೆ, ಮಳೆಯಲ್ಲಿ ನೆನೆಯುತ್ತದೆ. ಇದು ದೂರು ವಿಭಾಗದ ಪಕ್ಕದಲ್ಲೇ ಬೆಳೆದ ನಿನಗೆ ತಿಳಿಯದ್ದಲ್ಲ. ಕಂಡಕಂಡವರ ಕಿರುಗುಟ್ಟುವ ಫ್ಯಾನಿಗೆಲ್ಲ ಉತ್ತರ ಬರೆಯುವವಳು, ಹೆತ್ತ ಮಗನ ನಾಲ್ಕು ಪುಟ ಓದಿ ಸುಮ್ಮನೆ ಕುಳಿತಾಳು ಎಂದು ಹೇಗೆ ನಂಬಿದೆಯೋ? ನಾನು ಬೇಡ ಎನ್ನುವುದಿದ್ದರೂ ಬರೆದೇ ಎನ್ನುತ್ತಿದ್ದೆ. ಎರಡು ಪುಟ ಎನ್ನುತ್ತಿದ್ದೆ.

ಬೇಡ ಎನ್ನುತ್ತಿಲ್ಲ.

ನಾಲ್ಕನೇ ಪುಟದಲ್ಲಿ ಯಾವುದಾದರೂ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಾ ಎಂದು ಕರೆದಿದ್ದೀಯೆ. ನಾನು ಬಂದಾಗಲೆಲ್ಲ ನೀನು ಕಂಪನಿಯ ಗೆಸ್ಟ್ ಹೌಸಿನಲ್ಲಿ ಇಳಿಸಿ, "ಮನೆಗೆ ಪೇಂಟ್ ಆಗ್ತಿದೆ ಅಮ್ಮ" ಎನ್ನುತ್ತಿದ್ದೆ. ಇಷ್ಟು ವರ್ಷ ಪೇಂಟ್ ಹೊಡೆಸಿಕೊಂಡ ಮನೆಯನ್ನು ನೋಡುವ ಆಸೆ ನನಗೂ ಇದೆ. ಇಪ್ಪತ್ತೆರಡನೇ ತಾರೀಕು ಹನ್ನೊಂದು ಗಂಟೆಯ ಬಸ್ಸಿಗೆ ನಾನೂ ನಿನ್ನ ಚಿಕ್ಕಮ್ಮನೂ ಬರುತ್ತೇವೆ. ಗಟ್ಟಿಯಾದದ್ದೇನೂ ಮಾಡಬೇಡಿ, ಕೆಳಗಿನ ಸೆಟ್ಟು ಸ್ವಲ್ಪ ಸಡಿಲವಾಗಿದೆ ಎಂದು ಅವನಿಗೆ ಹೇಳು.

ನಿನ್ನ ಪತ್ರಕ್ಕೆ ಇನ್ನೂ ನಂಬರಿಲ್ಲ. ನಂಬರಿಲ್ಲದೆ ಫೈಲು ಮುಚ್ಚುವ ಹಾಗಿಲ್ಲ ಎಂದು ಟಪಾಲಿನವಳು ಹಟ ಹಿಡಿದಿದ್ದಾಳೆ, ಸುತ್ತೋಲೆ ತೋರಿಸುತ್ತಾಳೆ. ನೀನೇನೂ ಬರೆದು ಕಳಿಸಬೇಡ. ಬಂದ ದಿನ ನಿಮ್ಮ ಮನೆಯ ಟೇಬಲ್ ಫ್ಯಾನನ್ನು ನಾನೇ ಮಗುಚಿ, ಅಡಿಯಲ್ಲಿ ನೋಡಿ ಬರೆದುಕೊಳ್ಳುತ್ತೇನೆ. ಗ್ಯಾರಂಟಿ ರಿಜಿಸ್ಟರಿನಲ್ಲಿ ಆ ನಂಬರಿನ ಮುಂದೆ ಎರಡು ಹೆಸರು ಹಾಕಿಸಬೇಕು. ಅವನ ಹೆಸರಿನ ಅಕ್ಷರಗಳನ್ನು ಸರಿಯಾಗಿ ಬರೆದು ಇಟ್ಟಿರು.

ಇತಿ,
ಮುಖ್ಯಸ್ಥೆ, ದೂರು ವಿಭಾಗ
(ಮತ್ತು ನಿಮ್ಮಿಬ್ಬರ ಅಮ್ಮ)